ರಸ್ತೆಬದಿಯ ಮರ: ಒಡೆತನ ಯಾರದು, ಅನುಮತಿ ಯಾರದು?

(ಗುಂಪಿನ ಸದಸ್ಯರ ಪ್ರಶ್ನೆಗಳಿಗೆ ನಗರ ತೋಟಗಾರಿಕೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದ ಅಧಿಕಾರಿಯೊಬ್ಬರು ಉತ್ತರಿಸಿದ್ದಾರೆ.)

ಪ್ರಶ್ನೆ (ಕುವೆಂಪುನಗರ, ಮೈಸೂರು): ಸರ್, ನಮಸ್ಕಾರ. ನಮ್ಮ ಕಾಂಪೌಂಡಿನ ಹೊರಗೆ, ಫುಟ್‌ಪಾತಿನಲ್ಲಿ ಹಳೆಯದೊಂದು ಗುಲ್‌ಮೊಹರ್ ಮರವಿದೆ. ಅದರ ಬುಡದ ಪಕ್ಕದಲ್ಲೇ ಕೊಳವೆ ಹಾಕಲು ಕಾಲುವೆ ತೋಡಿ ಮುಚ್ಚಿದ ಮೇಲೆ ಮರ ರಸ್ತೆಯ ಕಡೆಗೆ ವಾಲಿದಂತೆ ಕಾಣುತ್ತಿದೆ. ಮಳೆಗಾಲಕ್ಕೆ ಮೊದಲೇ ತೆಗೆಸಿಬಿಡೋಣವೆಂದು ನಮ್ಮ ಮನೆಯವರು ಹೇಳುತ್ತಾರೆ. ಅರ್ಜಿಯನ್ನು ಪಾಲಿಕೆಗೆ ಕೊಡಬೇಕೋ, ಅರಣ್ಯ ಇಲಾಖೆಗೆ ಕೊಡಬೇಕೋ?

ಉತ್ತರ: ನಮಸ್ಕಾರ ಮೇಡಂ. ಎರಡೂ ಕಡೆ ಕೊಡಬೇಕು, ಏಕೆಂದರೆ ಇಲ್ಲಿ ಒಡೆತನ ಒಬ್ಬರದು, ಅನುಮತಿ ಇನ್ನೊಬ್ಬರದು. ಪಾಲಿಕೆಗೆ ಸೇರಿದ ರಸ್ತೆಯಲ್ಲಿರುವ ಮರ ಪಾಲಿಕೆಯದೇ. ಅದನ್ನು ನೋಡಿಕೊಳ್ಳುವ, ಕೊಂಬೆ ಸವರುವ, ಬಿದ್ದರೆ ತೆರವು ಮಾಡುವ ಕೆಲಸ ಪಾಲಿಕೆಯ ತೋಟಗಾರಿಕೆ ವಿಭಾಗಕ್ಕೆ ಸೇರಿದ್ದು. ಆದರೆ ಮರದ ಒಡೆಯನಾದ ಮಾತ್ರಕ್ಕೆ ಪಾಲಿಕೆಯು ಅದನ್ನು ತನ್ನಿಷ್ಟದಂತೆ ಕಡಿಯಲಾಗದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ 8ನೇ ಕಲಂ ಪ್ರಕಾರ, ವೃಕ್ಷಾಧಿಕಾರಿಯಾಗಿ ನೇಮಕಗೊಂಡ ಅರಣ್ಯ ಅಧಿಕಾರಿಯ ಅನುಮತಿ ಪಾಲಿಕೆಗೂ ಬೇಕು, ಖಾಸಗಿ ನಿವೇಶನದ ಮಾಲೀಕರಿಗೂ ಬೇಕು. ಆದ್ದರಿಂದ ಅರ್ಜಿಯನ್ನು ಪಾಲಿಕೆಯ ನಿಮ್ಮ ವಲಯ ಕಚೇರಿಗೆ ಕೊಟ್ಟು, ಅದರ ಪ್ರತಿಯನ್ನು ಅರಣ್ಯ ಇಲಾಖೆಗೆ ಸಲ್ಲಿಸಿ, ಎರಡಕ್ಕೂ ಸ್ವೀಕೃತಿ ಪಡೆದುಕೊಳ್ಳಿ.

ಆದರೆ ಅರ್ಜಿಯಲ್ಲಿ 'ಮರ ತೆಗೆಸಿಕೊಡಿ' ಎಂದು ಬರೆಯಬೇಡಿ, 'ಮರವನ್ನು ಪರಿಶೀಲಿಸಿ' ಎಂದು ಬರೆಯಿರಿ. ಕಡಿಯಬೇಕೋ, ಭಾರ ಇಳಿಸಿದರೆ ಸಾಕೋ ಎಂಬುದು ಬುಡ ನೋಡಿದವರು ಹೇಳಬೇಕಾದ ಮಾತು. ತೆಗೆಸಿಕೊಡಿ ಎಂಬ ಅರ್ಜಿ ಕೈಯಲ್ಲಿದ್ದರೆ ಸ್ಥಳಕ್ಕೆ ಬರುವವರು ಕಡಿಯಲು ಕಾರಣ ಹುಡುಕುವುದೇ ಹೆಚ್ಚು ಎಂಬುದು ನನ್ನ ಅನುಭವ.

ವಾಲಿದ ಮರವೆಲ್ಲ ಬೀಳುವ ಮರವಲ್ಲ. ಎಳೆಯದರಲ್ಲೇ ಬೆಳಕಿನ ಕಡೆಗೆ ಬಾಗಿ ಬೆಳೆದ ಮರದ ತುದಿ ಮತ್ತೆ ಮೇಲ್ಮುಖವಾಗಿ ತಿರುಗಿರುತ್ತದೆ. ಅಂಥದು ದಶಕಗಟ್ಟಲೆ ಹಾಗೆಯೇ ನಿಲ್ಲಬಹುದು. ಇತ್ತೀಚೆಗೆ ವಾಲಿದ ಮರದಲ್ಲಾದರೆ ಕಾಂಡವು ಬುಡದಿಂದ ತುದಿಯವರೆಗೂ ಒಂದೇ ಕಡೆಗೆ ಓರೆಯಾಗಿರುತ್ತದೆ, ವಾಲಿದ್ದಕ್ಕೆ ಎದುರು ಬದಿಯ ಮಣ್ಣು ಉಬ್ಬಿರುತ್ತದೆ ಅಥವಾ ಬಿರುಕು ಬಿಟ್ಟಿರುತ್ತದೆ. ಈ ಲಕ್ಷಣ ಕಂಡರೆ ಮಳೆಗಾಲದವರೆಗೆ ಕಾಯಬೇಡಿ, ಅಂದೇ ತಿಳಿಸಿ. ಬುಡದಲ್ಲಿ ಗಟ್ಟಿಯಾದ ಅಣಬೆ ಎದ್ದಿದ್ದರೆ, ಒಳಗೆ ಬೇರು ಕೊಳೆಯುತ್ತಿದೆ ಎಂದು ಅನುಮಾನಿಸಬೇಕು. ಕಾಂಡದಲ್ಲಿ ಪೊಟರೆ ಇರುವುದೊಂದೇ ಅಪಾಯದ ಗುರುತಲ್ಲ. ಪೊಟರೆಯ ಸುತ್ತ ತ್ರಿಜ್ಯದ ಮೂರನೇ ಒಂದು ಭಾಗದಷ್ಟಾದರೂ ಗಟ್ಟಿ ಮರ ಉಳಿದಿದೆಯೇ ಎಂದು ನೋಡುವುದು ವಾಡಿಕೆ.

ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು ನೀವು ಹೇಳಿದ ಕಾಲುವೆ. ಮರದ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದು ಮೀಟರ್ ಮಣ್ಣಿನಲ್ಲೇ ಅಡ್ಡಡ್ಡವಾಗಿ, ಕೊಂಬೆಗಳ ನೆರಳಿನ ಆಚೆಗೂ ಹರಡಿರುತ್ತವೆ. ಒಳಚರಂಡಿಗೋ, ನೀರಿನ ಕೊಳವೆಗೋ, ಕೇಬಲ್ಲಿಗೋ ಬುಡಕ್ಕೆ ತಾಗಿದಂತೆ ಯಂತ್ರದಿಂದ ತೋಡಿದಾಗ ಒಂದು ಪಾರ್ಶ್ವದ ಆಧಾರದ ಬೇರುಗಳೇ ತುಂಡಾಗುತ್ತವೆ. ಎಲೆ ಹಸಿರಾಗಿಯೇ ಇರುವುದರಿಂದ ಯಾರಿಗೂ ತಿಳಿಯುವುದಿಲ್ಲ, ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಮರ ಬುಡಸಮೇತ ಮಗುಚಿದಾಗ 'ಹಳೆಯ ಮರ, ಬಿತ್ತು' ಎನ್ನುತ್ತಾರೆ. ಬ್ರಿಟನ್ನಿನಲ್ಲಿ ಕಟ್ಟಡ ಕಾಮಗಾರಿಗೆ ಪಾಲಿಸುವ ಮಾನಕದ ಪ್ರಕಾರ, ಕಾಂಡದ ವ್ಯಾಸದ ಹನ್ನೆರಡು ಪಟ್ಟು ದೂರದವರೆಗಿನ ನೆಲವನ್ನು ಬೇರಿನ ರಕ್ಷಿತ ಪ್ರದೇಶವೆಂದು ಎಣಿಸುತ್ತಾರೆ. ಅಂದರೆ ಅರ್ಧ ಮೀಟರ್ ದಪ್ಪದ ಮರಕ್ಕೆ ಸುತ್ತಲೂ ಆರು ಮೀಟರ್. ನಮ್ಮ ಬಡಾವಣೆಗಳ ಅಗಲದಲ್ಲಿ ಅಷ್ಟು ಜಾಗ ಸಿಗುವುದಿಲ್ಲ, ನಿಜ. ಆದರೆ ಬುಡದ ಹತ್ತಿರ ಯಂತ್ರ ನಿಲ್ಲಿಸಿ ಕೈಯಿಂದ ತೋಡಿ, ದಪ್ಪ ಬೇರಿನ ಕೆಳಗಿಂದ ಕೊಳವೆ ದಾಟಿಸುವುದಕ್ಕೆ ಅಗಲವಾದ ರಸ್ತೆಯೇನೂ ಬೇಕಾಗಿಲ್ಲ. ಆದ್ದರಿಂದ ಕಾಮಗಾರಿ ಯಾವಾಗ ನಡೆಯಿತು, ಬುಡದಿಂದ ಎಷ್ಟು ಅಡಿ ದೂರದಲ್ಲಿ ತೋಡಿದರು ಎಂಬುದನ್ನು ಅರ್ಜಿಯಲ್ಲಿ ತಪ್ಪದೆ ಬರೆದು, ಫೋಟೋ ಲಗತ್ತಿಸಿ.

ಅದೇ ಸದಸ್ಯೆ: ಧನ್ಯವಾದಗಳು ಸರ್. ಅನುಮತಿ ಬರುವಷ್ಟರಲ್ಲಿ ಮರವೇ ಬಿದ್ದುಬಿಟ್ಟರೆ?

ಉತ್ತರ: ಬಿದ್ದ ಮರ ಮತ್ತು ಮುರಿದು ನೇತಾಡುತ್ತಿರುವ ಕೊಂಬೆಯನ್ನು ತೆರವು ಮಾಡಲು ಮೈಸೂರು ಪಾಲಿಕೆಯಲ್ಲಿ 'ಅಭಯ' ತಂಡಗಳಿವೆ, ಪಾಲಿಕೆಯ ನಿಯಂತ್ರಣ ಕೊಠಡಿಗೆ ಕರೆ ಮಾಡಿದರೆ ಅವರನ್ನು ಕಳುಹಿಸುತ್ತಾರೆ. ವಿದ್ಯುತ್ ತಂತಿಯ ಮೇಲೆ ಬಿದ್ದಿದ್ದರೆ ಮೊದಲು ವಿದ್ಯುತ್ ಸರಬರಾಜು ನಿಗಮವಾದ ಸೆಸ್ಕ್‌ಗೆ ತಿಳಿಸಿ ಲೈನ್ ಬಂದ್ ಮಾಡಿಸಬೇಕು. ಅಲ್ಲಿಯವರೆಗೆ ಯಾರೂ ಹತ್ತಿರ ಹೋಗಕೂಡದು. ನಿಮ್ಮ ಮರದ ಮಟ್ಟಿಗೆ, ವಾಲಿದ ಕಡೆಯ ಕೊಂಬೆಗಳ ಭಾರವನ್ನು ಇಳಿಸಿ, ಕೆಳಗೆ ವಾಹನ ನಿಲ್ಲಿಸದಂತೆ ಮಾಡುವುದು ಸದ್ಯದ ಉಪಾಯ.

ಪ್ರಶ್ನೆ (ಸರಸ್ವತಿಪುರಂ, ಮೈಸೂರು): ಎದುರಿನ ಮಳೆಮರದ ಎಲೆ ಕಸ ಟೆರೇಸಿನ ತುಂಬ ಬೀಳುತ್ತದೆ, ಸೋಲಾರ್‌ಗೆ ಬಿಸಿಲು ಬೀಳುವುದಿಲ್ಲ. ಇದು ಮರ ತೆಗೆಸಲು ಸಕಾರಣವಲ್ಲವೇ?

ಉತ್ತರ: ಅಲ್ಲ. ಮರ ಸತ್ತಿರುವುದು, ರೋಗಕ್ಕೆ ತುತ್ತಾಗಿರುವುದು, ಗಾಳಿಗೆ ಉರುಳಿರುವುದು, ಜೀವಕ್ಕೆ ಅಥವಾ ಆಸ್ತಿಗೆ ಅಪಾಯ ಒಡ್ಡುವುದು, ಸಂಚಾರಕ್ಕೆ ಅಡ್ಡಿಯಾಗುವುದು, ಬೆಂಕಿ ಸಿಡಿಲುಗಳಿಂದ ಹಾಳಾಗಿರುವುದು, ಇಂಥವು ಕಾಯ್ದೆ ಒಪ್ಪುವ ಕಾರಣಗಳು. ಎಲೆ ಉದುರುವುದು ಆ ಸಾಲಿಗೆ ಸೇರುವುದಿಲ್ಲ. ಟೆರೇಸಿನ ಮೇಲೆ ಚಾಚಿದ ಒಂದೆರಡು ಕೊಂಬೆಗಳನ್ನು ಸವರಿಕೊಡಿ ಎಂದು ಪಾಲಿಕೆಯನ್ನು ಕೇಳಬಹುದು.

ಮತ್ತೊಂದು ಮಾತು, ಇದು ನಿಮಗೆಂದಲ್ಲ, ಎಲ್ಲರಿಗೂ. ಈ ಕಾಯ್ದೆಯಲ್ಲಿ 'ಕಡಿಯುವುದು' ಎಂದರೆ ಬುಡ ಕತ್ತರಿಸುವುದಷ್ಟೇ ಅಲ್ಲ. ಕೊಂಬೆ ಕಡಿಯುವುದು, ತೊಗಟೆಯನ್ನು ಸುತ್ತಲೂ ಸುಲಿಯುವುದು, ಬುಡಕ್ಕೆ ವಿಷ ಸುರಿಯುವುದು, ಬೆಂಕಿ ಇಡುವುದು ಇವೆಲ್ಲವೂ ಅದರಲ್ಲಿ ಸೇರಿವೆ. ತಪ್ಪಿಗೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ ಒಂದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ದಂಡದ ಮೊತ್ತ ಈ ಕಾಲಕ್ಕೆ ನಗೆ ತರಿಸುವಂಥದು. ಅದೇ ಧೈರ್ಯದಿಂದ ಅಂಗಡಿಯ ಬೋರ್ಡು ಕಾಣಲೆಂದು ಬುಡಕ್ಕೆ ಆಸಿಡ್ ಸುರಿಯುವವರೂ ಇದ್ದಾರೆ.

ಪ್ರಶ್ನೆ (ಜಯಲಕ್ಷ್ಮೀಪುರಂ, ಮೈಸೂರು): ತಂತಿಯ ಕೆಳಗಿನ ಮರಗಳ ತಲೆಯನ್ನೇ ಹಾರಿಸಿಬಿಡುತ್ತಾರೆ. ಸವರುವುದಕ್ಕೆ ಕ್ರಮವೆಂಬುದಿಲ್ಲವೇ?

ಉತ್ತರ: ಇದೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಕೊರಳು ಕಾಣುತ್ತದೆ. ಆ ಕೊರಳಿಗೆ ಪೆಟ್ಟಾಗದಂತೆ ಅದರ ಹೊರಗೆ ಕತ್ತರಿಸಿದರೆ ಗಾಯವನ್ನು ಮರ ತಾನೇ ಮುಚ್ಚಿಕೊಳ್ಳುತ್ತದೆ. ದಪ್ಪ ಕೊಂಬೆಯಾದರೆ ಮೊದಲು ಸ್ವಲ್ಪ ದೂರದಲ್ಲಿ ಕೆಳಗಿನಿಂದ ಅರ್ಧ ಕೊಯ್ದು, ಬಳಿಕ ಮೇಲಿನಿಂದ ಕೊಯ್ದು ಭಾರ ಇಳಿಸಿ, ಕೊನೆಗೆ ಉಳಿದ ಮೋಟನ್ನು ತೆಗೆಯಬೇಕು. ಇಲ್ಲದಿದ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನೂ ಕಿತ್ತುಕೊಂಡೇ ಬೀಳುತ್ತದೆ. ಒಂದು ಸಲಕ್ಕೆ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ತಲೆ ಹಾರಿಸಿದ ಮರದಲ್ಲಿ ಒಂದೇ ಕಡೆಯಿಂದ ಹತ್ತಾರು ಚಿಗುರು ಒತ್ತೊತ್ತಾಗಿ ಏಳುತ್ತವೆ. ಅವುಗಳ ಬುಡ ಗಟ್ಟಿಯಿಲ್ಲದ್ದರಿಂದ ಮುಂದೆ ಗಾಳಿಗೆ ಮುರಿಯುವುದೂ ಅವೇ, ತಂತಿಗೆ ಬೇಗ ತಾಗುವುದೂ ಅವೇ. ಸವರುವ ಗುತ್ತಿಗೆಯ ಷರತ್ತಿನಲ್ಲಿ ಈ ಕ್ರಮವನ್ನು ಬರೆಯದೆ, ಟ್ರಾಕ್ಟರ್ ಲೋಡಿನ ಲೆಕ್ಕದಲ್ಲಿ ಹಣ ಕೊಟ್ಟರೆ, ಗುತ್ತಿಗೆದಾರರು ಲೋಡು ತುಂಬುವಷ್ಟು ಕಡಿಯುತ್ತಾರೆ.

ಪ್ರಶ್ನೆ (ಮಂಡ್ಯ): ನಮ್ಮಲ್ಲಿಯೂ ಇದೇ ವ್ಯವಸ್ಥೆಯೇ? ರಸ್ತೆ ಅಗಲ ಮಾಡಲು ಮರ ಕಡಿಯುವಾಗ ಜನರನ್ನು ಕೇಳಬೇಕೆಂಬ ನಿಯಮವಿದೆಯೇ?

ಉತ್ತರ: ಊರೊಳಗಿನ ರಸ್ತೆಯಾದರೆ ಪಾಲಿಕೆಯ ಜಾಗದಲ್ಲಿ ನಗರಸಭೆ ಎಂದು ಓದಿಕೊಳ್ಳಿ, ಅನುಮತಿಯ ನಿಯಮ ಅದೇ. ಆದರೆ ಮಂಡ್ಯದಲ್ಲಿ ಮೊದಲು ಜಾಗ ಯಾರದೆಂದು ವಿಚಾರಿಸಬೇಕು. ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲಿನ ಮರಕ್ಕೆ ಕಾವೇರಿ ನೀರಾವರಿ ನಿಗಮವನ್ನೂ, ಹೆದ್ದಾರಿ ಬದಿಯ ಮರಕ್ಕೆ ಹೆದ್ದಾರಿಯವರನ್ನೂ, ಜಿಲ್ಲಾ ಮುಖ್ಯರಸ್ತೆಯಾದರೆ ಲೋಕೋಪಯೋಗಿ ಇಲಾಖೆಯನ್ನೂ ಕೇಳಬೇಕಾಗುತ್ತದೆ.

ಒಂದು ಕಾಮಗಾರಿಗೆ ಐವತ್ತಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ವೃಕ್ಷಾಧಿಕಾರಿಯು ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕೇಳಬೇಕು. ಅದಕ್ಕಿಂತ ಕಡಿಮೆಯಾದರೆ ಆ ನಿರ್ಬಂಧವಿಲ್ಲ. 2025ರ ಏಪ್ರಿಲ್‌ನಲ್ಲಿ ಮೈಸೂರಿನ ಹೈದರಾಲಿ ರಸ್ತೆಯಲ್ಲಿ ರಸ್ತೆ ವಿಸ್ತರಣೆಗಾಗಿ ನಲವತ್ತು ಮರಗಳು ಉರುಳಿದಾಗ, ಊರಿನವರಿಗೆ ವಿಷಯ ತಿಳಿದದ್ದು ಮರಗಳು ನೆಲಕ್ಕೆ ಬಿದ್ದ ಮೇಲೆ. ಈ ಲೆಕ್ಕದಲ್ಲಿ ನೂರು ವರ್ಷ ನೆರಳು ಕೊಡಬಲ್ಲ ನಲವತ್ತು ಮರಗಳಿಗೆ ಪ್ರಕಟಣೆ ಬೇಡ, ನಿನ್ನೆ ನೆಟ್ಟ ಐವತ್ತೊಂದು ಮರಗಳಿಗೆ ಬೇಕು. ಎಣಿಕೆಯ ಜೊತೆಗೆ ಕಾಂಡದ ಸುತ್ತಳತೆಯನ್ನೂ ಪರಿಗಣಿಸಬೇಕೆಂಬುದು ನನ್ನ ಅಭಿಪ್ರಾಯ. ಸದ್ಯಕ್ಕೆ ಮಾಡಬಹುದಾದದ್ದೆಂದರೆ, ವಿಸ್ತರಣೆಯ ಅಂದಾಜುಪಟ್ಟಿ ತಯಾರಾಗುವಾಗಲೇ ಮರಗಳ ಪಟ್ಟಿಯನ್ನು ಮಾಹಿತಿ ಹಕ್ಕಿನಡಿ ಕೇಳಿ ಪಡೆಯುವುದು.

ಪ್ರಶ್ನೆ (ಅದೇ ಸದಸ್ಯರು): ಫುಟ್‌ಪಾತಿಗೆ ಕಲ್ಲು ಹಾಸುವವರು ಕಾಂಡಕ್ಕೆ ತಾಗುವಂತೆ ಕಾಂಕ್ರೀಟ್ ಸುರಿದಿದ್ದಾರೆ. ಒಡೆಸಬಹುದೇ?

ಉತ್ತರ: ಒಡೆಸಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2013ರ ಏಪ್ರಿಲ್‌ನಲ್ಲಿ ದೆಹಲಿಯ ಪ್ರಕರಣವೊಂದರಲ್ಲಿ, ಮರದ ಸುತ್ತ ಒಂದು ಮೀಟರ್ ಜಾಗದ ಕಾಂಕ್ರೀಟ್ ತೆಗೆಯುವಂತೆ ಆದೇಶಿಸಿತ್ತು. ಮನವಿಯಲ್ಲಿ ಅದನ್ನು ಉಲ್ಲೇಖಿಸಿ. ಒಡೆಯುವಾಗ ಹಾರೆ, ಸುತ್ತಿಗೆ ಬಳಸಲಿ, ಜೆಸಿಬಿ ಬೇಡ.

ಪ್ರಶ್ನೆ (ಕುವೆಂಪುನಗರ): ಕೊನೆಗೂ ತೆಗೆಯಲೇಬೇಕಾಗಿ ಬಂದರೆ ಆ ಜಾಗದಲ್ಲಿ ಏನು ನೆಡಬಹುದು ಸರ್?

ಉತ್ತರ: ಕಡಿದದ್ದಕ್ಕೆ ಬದಲಿ ಗಿಡ ನೆಡುವಂತೆ ಕಾಯ್ದೆಯೇ ಹೇಳುತ್ತದೆ, ಆದ್ದರಿಂದ ಅನುಮತಿ ಪತ್ರದ ಪ್ರತಿ ಕೇಳಿ ಪಡೆದು ಆ ಷರತ್ತನ್ನು ಓದಿಕೊಳ್ಳಿ. ಮೇಲೆ ತಂತಿ ಇದ್ದರೆ ಕಕ್ಕೆ, ಹೊಳೆದಾಸವಾಳ, ಮಂದಾರ ಸಾಕು. ತಂತಿಯಿಲ್ಲದ ಬದಿಯಾದರೆ ಹೊಂಗೆ ಅಥವಾ ಬೇವು ಒಳ್ಳೆಯದು. ಗುಲ್‌ಮೊಹರ್ ಮತ್ತೆ ಬೇಡ, ಅದರ ಮರ ಮೆದು, ಬೇರು ಮೇಲೆಯೇ ಹರಡುತ್ತದೆ. ಹಳೆಯ ಬೊಡ್ಡೆಯನ್ನು ತೆಗೆಸಿ, ಒಂದು ಮೀಟರ್ ಆಳ-ಅಗಲದ ಗುಂಡಿಗೆ ಹೊಸ ಮಣ್ಣು ತುಂಬಿಸಿ, ಜೂನ್ ಮಳೆ ಹಿಡಿದ ಮೇಲೆ ಆರೇಳು ಅಡಿ ಎತ್ತರದ ಗಿಡ ನೆಡಿಸಿ. ನೆಡುವವರು ಪಾಲಿಕೆಯವರಾದರೂ ಮೊದಲ ಎರಡು ಬೇಸಿಗೆ ನೀರು ಹಾಕುವವರು ಯಾರೆಂದು ನಿಮ್ಮ ಬೀದಿಯಲ್ಲಿ ಮೊದಲೇ ತೀರ್ಮಾನಿಸಿಕೊಳ್ಳಿ. ಟ್ರೀಗಾರ್ಡಿನ ತಂತಿ ಕಾಂಡವನ್ನು ಕಚ್ಚುವ ಮೊದಲು ಅದನ್ನು ಬಿಚ್ಚುವ ಕೆಲಸವನ್ನೂ ಅವರಿಗೇ ಒಪ್ಪಿಸಿ.