ಪಿಟೀಲಿನವರ ಮಗನ ಎರಡು ತಟ್ಟೆ

ಭಾನುವಾರ ಸಂಜೆ ಮೇಷ್ಟ್ರ ಮನೆಗೆ ಬಂದ ನಮ್ಮ ಬ್ಯಾಂಕಿನ ಗೆಳೆಯನ ಮುಖ ಹೋಳಿಗೆಯಿಲ್ಲದ ಮದುವೆಯೂಟ ಉಂಡವನ ಮುಖದಂತಿತ್ತು. ಕೈಯಲ್ಲೊಂದು ಸಿಡಿ ಡಬ್ಬಿ. ಗಿಟಾರ್ ವಾದಕ ಕಾರ್ಲೋಸ್ ಸಂತಾನಾನ ‘ಮಲ್ಟಿ ಡೈಮೆನ್ಷನಲ್ ವಾರಿಯರ್’, 2008ರಲ್ಲಿ ಬಂದ ಎರಡು ಸಿಡಿ ತಟ್ಟೆಗಳ ಸಂಕಲನ.

“ಜೀವಮಾನದ ಸಂಗ್ರಹವಂತೆ ಮೇಷ್ಟ್ರೇ! ‘ಬ್ಲ್ಯಾಕ್ ಮ್ಯಾಜಿಕ್ ವುಮನ್’ ಇಲ್ಲ, ‘ಓಯೆ ಕೋಮೊ ವಾ’ ಇಲ್ಲ, ‘ಸ್ಮೂತ್’ ಕೂಡ ಇಲ್ಲ. ಮತ್ತೆ ಇರುವುದೇನು?”

“ಅವನಿಗೆ ಇಷ್ಟವಾದದ್ದು ಇದೆ. ಆರಿಸಿದವನು ಅವನೇ. ಒಂದು ತಟ್ಟೆ ಹಾಡಿಗೆ, ಇನ್ನೊಂದು ಬರಿಯ ವಾದ್ಯಕ್ಕೆ.”

“ಅಡುಗೆಯವನು ತನಗಿಷ್ಟವೆಂದು ಎರಡು ಸಲ ಕೋಸಂಬರಿ ಬಡಿಸಿ, ಹೋಳಿಗೆಯನ್ನು ಒಳಗೇ ಇಟ್ಟುಕೊಂಡರೆ ಪಂಕ್ತಿಯವರು ಸುಮ್ಮನಿರುತ್ತಾರೆಯೇ?”

“ಆ ಹೋಳಿಗೆ ಅವನ ಮನೆಯದೇ ಅಲ್ಲವಲ್ಲಯ್ಯಾ! ‘ಬ್ಲ್ಯಾಕ್ ಮ್ಯಾಜಿಕ್ ವುಮನ್’ ಪೀಟರ್ ಗ್ರೀನ್ ಬರೆದದ್ದು, ಫ್ಲೀಟ್‌ವುಡ್ ಮ್ಯಾಕ್ ತಂಡ 1968ರಲ್ಲೇ ಹೊರತಂದಿತ್ತು. ‘ಓಯೆ ಕೋಮೊ ವಾ’ ಟೀಟೊ ಪುವೆಂತೆಯ ಸ್ವತ್ತು. ‘ಸ್ಮೂತ್’ ಬರೆದವರು ಇಟಾಲ್ ಶೂರ್ ಮತ್ತು ರಾಬ್ ಥಾಮಸ್, ಹಾಡಿದವನೂ ಥಾಮಸನೇ.”

“ಅಂದರೆ ಇಡೀ ವ್ಯವಹಾರ ಸಾಲದ ಮೇಲೆ ನಡೆದಿದೆ,” ಎಂದ ಬ್ಯಾಂಕಿನವನು. ಅಸಲಿಗಿಂತ ಬಡ್ಡಿಯೇ ಚೆನ್ನಾಗಿದೆ ಎಂಬುದು ನನ್ನ ಅಭಿಪ್ರಾಯ. ಪುವೆಂತೆಯ ರಾಗ ಗಿಟಾರಿಗೂ ಆರ್ಗನ್‌ಗೂ ಬಂದ ಮೇಲೆ ಅದರ ನಡಿಗೆಯೇ ಬದಲಾಯಿತು. ಆದರೆ ಹರಟೆಯಲ್ಲಿ ನನ್ನ ಅಭಿಪ್ರಾಯವನ್ನು ಕೇಳುವವರು ಯಾರು?

ಮೇಷ್ಟ್ರು ಮುಂದುವರಿಸಿದರು. “1999ರ ಅಕ್ಟೋಬರಿನಿಂದ ‘ಸ್ಮೂತ್’ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 12 ವಾರ ಮೊದಲ ಸ್ಥಾನ ಬಿಟ್ಟು ಕದಲಲಿಲ್ಲ. ನೋಡಿ, ಸಂತಾನಾಗೆ ಆ ಭಾಗ್ಯ ಬಂದದ್ದು 52ನೆಯ ವಯಸ್ಸಿನಲ್ಲಿ.”

ಅಡುಗೆಮನೆಯಿಂದ ಮೇಷ್ಟ್ರ ಮನೆಯವರ ಧ್ವನಿ ತೂರಿ ಬಂತು. “ಯಾರಿಗೆ ಐವತ್ತೆರಡಕ್ಕೆ ಸಂತಾನಭಾಗ್ಯ? ಆ ತಾಯಿಯ ಗತಿ ಏನು?”

ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಒಂದು ತಟ್ಟೆ ಬೋಂಡಾ ಖಾಲಿಯಾಯಿತು. ಅಷ್ಟು ಹೊತ್ತು ಮಾತಾಡದೆ ಅದನ್ನು ಖಾಲಿ ಮಾಡಿದವನು ಮೃದಂಗದ ಗೆಳೆಯ. ಈಗ ಬಾಯಿ ಒರೆಸಿಕೊಂಡು, “ನನಗೆ ಆ ವುಡ್‌ಸ್ಟಾಕ್ ಕಛೇರಿಯೊಂದು ಸಾಕು,” ಎಂದ.

ಅಮೆರಿಕದ ವುಡ್‌ಸ್ಟಾಕ್ ಸಂಗೀತೋತ್ಸವ, 1969ರ ಆಗಸ್ಟ್ 16. ಸಂತಾನಾ ತಂಡದ ಮೊದಲ ಆಲ್ಬಮ್ ಇನ್ನೂ ಅಂಗಡಿಗೆ ಬಂದಿರಲಿಲ್ಲ. ‘ಸೋಲ್ ಸ್ಯಾಕ್ರಿಫೈಸ್’ ನಡುವೆ 20 ವರ್ಷದ ಮೈಕೆಲ್ ಶ್ರೀವ್ ಡ್ರಮ್ಸ್ ಮೇಲೆ ಒಬ್ಬನೇ ಉಳಿಯುತ್ತಾನೆ. ಮೆಲ್ಲಗೆ, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಇಳಿಸುತ್ತಾನೆ. ಮತ್ತೆ ಏರಿಸಿ ಏರಿಸಿ ತಂಡಕ್ಕೆ ಒಪ್ಪಿಸುತ್ತಾನೆ.

“ಅದು ನಮ್ಮ ಕಛೇರಿಯಲ್ಲಿ ತಾಳವಾದ್ಯಕ್ಕೇ ಬಿಟ್ಟುಕೊಡುವ ತನಿ ಆವರ್ತನವಲ್ಲದೆ ಮತ್ತೇನು? ಲಕ್ಷಗಟ್ಟಲೆ ಜನ, ಒಬ್ಬನೂ ಎದ್ದು ಹೋಗಲಿಲ್ಲ. ನಮ್ಮ ಸಭೆಯಲ್ಲಿ ನಾನು ಮೊದಲ ‘ತಾಂ’ ಹೊಡೆದರೆ ಸಾಕು, ಮೂರು ಸಾಲು ಕ್ಯಾಂಟೀನಿಗೆ ಹೊರಡುತ್ತವೆ.”

“ವುಡ್‌ಸ್ಟಾಕಿನಲ್ಲಿ ತಿಂಡಿಗೇ ತತ್ವಾರವಾಗಿತ್ತು. ಎದ್ದು ಹೋಗುವುದೆಲ್ಲಿಗೆ?” ಎಂದರು ಮೇಷ್ಟ್ರು. “ಅದಿರಲಿ, ಆ ದಿನ ಸಂತಾನಾ ಮೆಸ್ಕಲಿನ್ ಅಮಲಿನಲ್ಲಿದ್ದ. ಗಿಟಾರಿನ ಕುತ್ತಿಗೆ ಹಾವಿನಂತೆ ಹೊರಳುತ್ತಿತ್ತು, ತಾಳ ಶ್ರುತಿ ತಪ್ಪದಂತೆ ಕಾಪಾಡೆಂದು ದೇವರನ್ನು ಬೇಡಿಕೊಂಡೆ ಎಂದು ಆಮೇಲೆ ಅವನೇ ಹೇಳಿಕೊಂಡಿದ್ದಾನೆ.”

“ನಾನು ಪ್ರತಿ ಕಛೇರಿಯಲ್ಲೂ ಹಾಗೆಯೇ ಬೇಡಿಕೊಳ್ಳುತ್ತೇನೆ. ಬರೀ ಕಾಫಿ ಕುಡಿದು.”

ಬ್ಯಾಂಕಿನವನ ಸಿಟ್ಟು ಇಳಿದಿರಲಿಲ್ಲ. ಅವನನ್ನು ಸುಮ್ಮನಾಗಿಸಲು ಮೇಷ್ಟ್ರು ಮೊಬೈಲಿನಲ್ಲಿ ಸಂತಾನಾನ 1976ರ ‘ಯೂರೋಪಾ’ ಹಚ್ಚಿದರು. ಗಿಟಾರ್ ಒಂದೊಂದೇ ಸ್ವರವನ್ನು ಮುಟ್ಟಿ, ಸ್ವಲ್ಪ ಜಗ್ಗಿ, ಬಿಡಲೋ ಬೇಡವೋ ಎಂಬಂತೆ ಹಿಡಿದು ನಿಂತಿತು. ನಾವೂ ಉಸಿರು ಹಿಡಿದೆವು. ಅಷ್ಟರಲ್ಲಿ ಒಳಗೆ ಕುಕ್ಕರ್ ಕೂಗಿತು. ಶ್ರುತಿಯೊಳಗೇ ಕೂಗಿತು ಎಂದು ಮೃದಂಗದವನು ಇಂದಿಗೂ ವಾದಿಸುತ್ತಾನೆ.

“ತಂತಿ ಮೀಟಿದರೆ ಸ್ವರ ಸಾಯಬೇಕು. ಇವನದು ಸಾಯುವುದೇ ಇಲ್ಲವಲ್ಲ!” ಎಂದ ಬ್ಯಾಂಕಿನವನು.

“ಆಂಪ್ಲಿಫೈಯರಿನ ಧ್ವನಿ ಮರಳಿ ತಂತಿಯನ್ನು ನಡುಗಿಸುತ್ತದೆ,” ಎಂದರು ಮೇಷ್ಟ್ರು. “ಎಲ್ಲಿ ನಿಂತರೆ ಸ್ವರ ನಿಲ್ಲುತ್ತದೆ ಎಂದು ಹುಡುಕಿ ವೇದಿಕೆಯ ಮೇಲೆ ಗುರುತು ಹಾಕಿಕೊಳ್ಳುತ್ತಿದ್ದ. ಅಪ್ಪ ಹೊಸೆ ಮೆಕ್ಸಿಕೋದ ಮರಿಯಾಚಿ ಮೇಳದಲ್ಲಿ ಪಿಟೀಲು ನುಡಿಸುತ್ತಿದ್ದವರು. ಮಗನೂ ಮೊದಲು ಕಲಿತದ್ದು ಪಿಟೀಲನ್ನೇ.”

ನನಗೆ ಆಗ ಹೊಳೆಯಿತು. ಗಿಟಾರ್ ಹಿಡಿದ ಮೇಲೂ ಈತ ಕಮಾನನ್ನು ಕೆಳಗಿಟ್ಟಿಲ್ಲ. ವಾದ್ಯಕ್ಕೆಂದೇ ಒಂದು ತಟ್ಟೆ ಎತ್ತಿಟ್ಟಿದ್ದೂ ಅದಕ್ಕೇ ಇರಬೇಕು. ಜೋರಾಗಿಯೇ ಹೇಳಿದೆ. ಯಾರೂ ಕೇಳಲಿಲ್ಲ, ಎರಡನೆಯ ಸುತ್ತಿನ ಬೋಂಡಾ ಬಂದಿತ್ತು.

“2012ರಲ್ಲಿ ಬೆಂಗಳೂರಿಗೇ ಬಂದು ನುಡಿಸಿದ್ದ. ಹೋಗಿದ್ದೆಯಾ?” ಎಂದು ಮೃದಂಗದವನು ಕೆಣಕಿದ.

“ಟಿಕೆಟ್ಟಿನ ದರ ನೋಡಿ ಸಿಡಿ ಕೊಂಡರಾಯಿತು ಎಂದುಕೊಂಡೆ,” ಎಂದ ಬ್ಯಾಂಕಿನವನು ತಲೆ ತಗ್ಗಿಸಿ. ಕೊಂಡದ್ದು ಮೊನ್ನೆ, ಹಳೆಯ ಸಾಮಾನಿನ ಅಂಗಡಿಯಲ್ಲಿ. ಅವನ ಮನೆಯಲ್ಲಿ ಈಗ ಸಿಡಿ ಪ್ಲೇಯರೇ ಇಲ್ಲ. ಡಬ್ಬಿಯ ಹಿಂದಿನ ಪಟ್ಟಿ ಓದಿಯೇ ಇಷ್ಟು ಹೊತ್ತು ಸಿಟ್ಟಾಗಿದ್ದಾನೆ!

ಹಾಗಾಗಿ ಅಲ್ಲಿಯೇ ಪಾಲು ಪಟ್ಟಿ ನಡೆಯಿತು. ವಾದ್ಯದ ತಟ್ಟೆಯನ್ನು ಮೇಷ್ಟ್ರು ಇಟ್ಟುಕೊಂಡರು. ಹಾಡಿನ ತಟ್ಟೆ ಮೃದಂಗದವನ ಕಾರಿಗೆ ಹೋಯಿತು. ಬ್ಯಾಂಕಿನವನು ಪರಿಹಾರವಾಗಿ ಉಳಿದ ಬೋಂಡಾ ಕಟ್ಟಿಸಿಕೊಂಡ. ಖಾಲಿ ಡಬ್ಬಿ ನನಗೆ ಬಂತು.