ವೈರಸ್ ಹೊತ್ತ ಸೊಳ್ಳೆ ಹೆಚ್ಚು ಸಲ ಕಚ್ಚುತ್ತದೆಯೇ?

ಪ್ರಶ್ನೆ (ಗೃಹಿಣಿ, ಕುವೆಂಪುನಗರ, ಮೈಸೂರು):
ಕಳೆದ ಆಗಸ್ಟ್‌ನಲ್ಲಿ ನಮ್ಮ ಮನೆಯಲ್ಲಿ ಮೊದಲು ಮಗಳಿಗೆ, ಮರುದಿನ ಅತ್ತೆಯವರಿಗೆ, ಅದರ ಮಾರನೆಯ ದಿನ ನನಗೆ ಜ್ವರ ಬಂದು, ಮೂವರಿಗೂ ಡೆಂಗಿ ಎಂದು ರಕ್ತಪರೀಕ್ಷೆಯಲ್ಲಿ ಖಚಿತವಾಯಿತು. ಅದಕ್ಕೆ ವಾರದ ಮುಂಚೆ, ಬೆಳಿಗ್ಗೆ ಓದುತ್ತ ಕುಳಿತಿದ್ದ ಮಗಳ ಹಿಮ್ಮಡಿಯ ಬಳಿ ಸಾಲಾಗಿ ನಾಲ್ಕು ದದ್ದುಗಳು ಎದ್ದಿದ್ದವು. ಓಡಿಸಿದಷ್ಟೂ ಸೊಳ್ಳೆ ಅಲ್ಲಿಗೇ ಮರಳುತ್ತಿತ್ತು. ಒಳಗಿರುವ ವೈರಸ್ಸೇ ಅದನ್ನು ಹೀಗೆ ಮತ್ತೆ ಮತ್ತೆ ಕಚ್ಚುವಂತೆ ಮಾಡುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಪ್ರಾಣಿಶಾಸ್ತ್ರ ಸಂಶೋಧಕಿ, ಮೈಸೂರು):
ಓಡಿಸಿದರೂ ಮರಳುವುದು, ಹೊಟ್ಟೆ ತುಂಬುವವರೆಗೆ ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಕಚ್ಚುವುದು, ಹಗಲಿನಲ್ಲಿ ಕಚ್ಚುವ ಈಡಿಸ್ ಈಜಿಪ್ಟೈ ಸೊಳ್ಳೆಯ ಸಹಜ ಗುಣವೇ ಆಗಿದೆ. ನಿಮ್ಮ ಮನೆಯಲ್ಲಿ ಮಗಳಿಂದ ಉಳಿದವರಿಗೆ ರೋಗ ಹರಡಿರಲಾರದು. ಏಕೆಂದರೆ ರೋಗಿಯ ರಕ್ತದೊಂದಿಗೆ ಒಳಹೊಕ್ಕ ವೈರಸ್ ಸೊಳ್ಳೆಯ ಜೊಲ್ಲಿನ ಗ್ರಂಥಿಯನ್ನು ತಲುಪಲು ಸಾಮಾನ್ಯವಾಗಿ 8ರಿಂದ 12 ದಿನ, ಆ ಬಳಿಕ ಕಚ್ಚಿಸಿಕೊಂಡವರಿಗೆ ಜ್ವರ ಕಾಣಿಸಲು 4ರಿಂದ 10 ದಿನ ಹಿಡಿಯುತ್ತದೆ. ಮೊದಲೇ ವೈರಸ್ ಹೊತ್ತಿದ್ದ ಒಂದೇ ಸೊಳ್ಳೆ ಮೂವರನ್ನೂ ಕಚ್ಚಿರುವ ಸಾಧ್ಯತೆಯೇ ಹೆಚ್ಚು.

ಸೊಳ್ಳೆ ತನ್ನ ಸೂಜಿಯನ್ನು ಚರ್ಮದೊಳಗೆ ಇಳಿಸಿ, ಅತ್ತಿತ್ತ ಬಾಗಿಸುತ್ತ ರಕ್ತನಾಳವನ್ನು ಹುಡುಕುತ್ತದೆ. ಹುಡುಕುವಾಗಲೇ ಜೊಲ್ಲು ಬಿಡುವುದರಿಂದ, ಒಂದು ತೊಟ್ಟು ರಕ್ತ ಸಿಗದಿದ್ದರೂ ವೈರಸ್ ನಮ್ಮ ಮೈಗೆ ಇಳಿಯಬಲ್ಲದು. ಮಿದುಳಿನ ಉರಿಯೂತ ತರುವ ಲಾ ಕ್ರಾಸ್ ಎಂಬ ಬೇರೊಂದು ವೈರಸ್ ತಗುಲಿದ, ಈಡಿಸ್ ಟ್ರೈಸೀರಿಯೇಟಸ್ ಎಂಬ ಇನ್ನೊಂದು ಜಾತಿಯ ಸೊಳ್ಳೆಗಳು ಹೆಚ್ಚು ಸಲ ಚುಚ್ಚಿ ಕಡಿಮೆ ರಕ್ತ ಹೀರುತ್ತವೆಂದು ಅಮೆರಿಕದ ಸಂಶೋಧಕರು 1980ರಲ್ಲಿ ತೋರಿಸಿದರು. ಡೆಂಗಿ ತಗುಲಿದ ಸೊಳ್ಳೆಗಳಿಗೆ ರಕ್ತ ಹೀರಲು ಹೆಚ್ಚು ಹೊತ್ತು ಬೇಕಾಯಿತೆಂದು 1997ರ ಅಧ್ಯಯನವೊಂದು ಹೇಳುತ್ತದೆ. ನನ್ನ ದೃಷ್ಟಿಯಲ್ಲಿ ಇದು ಹಸಿವು ಹೆಚ್ಚಾದದ್ದಲ್ಲ, ಊಟ ಸಲೀಸಾಗಿ ಸಿಗದೆ ಹೋದದ್ದು.

ಉತ್ತರ (ಪಶುವೈದ್ಯ, ಮಳವಳ್ಳಿ):
ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಡೆಂಗಿ ಸೊಳ್ಳೆಗಳ ಮೇಲೆಯೇ ನಡೆದ 1995ರ ಅಧ್ಯಯನದಲ್ಲಿ ಅಂತಹ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಡೆಂಗಿಯ ಮಟ್ಟಿಗೆ ಖಡಾಖಂಡಿತವಾಗಿ ಹೇಳುವುದು ತರವಲ್ಲ. ಆದರೆ ವೈರಸ್ ಕೀಟದ ನಡತೆಯನ್ನು ಬದಲಿಸಬಲ್ಲದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಕುರಿಗಳಿಗೆ ನೀಲಿ ನಾಲಿಗೆ ರೋಗ ಹರಡುವ, ರಕ್ತ ಹೀರುವ ನುಸಿಗಳ ಅಮೆರಿಕದ ಒಂದು ಜಾತಿ, ವೈರಸ್ ತಗುಲಿದ ಮೇಲೆ ಬೆಳಕಿನಿಂದ ದೂರ ಸರಿಯುತ್ತದೆಂದು 2015ರಲ್ಲಿ ತಿಳಿದುಬಂತು. ನಮ್ಮ ಬಂಡೂರು ಕುರಿಗಳ ಕೊಟ್ಟಿಗೆಯಲ್ಲೂ ಹಾಗೆಯೇ ಆಗುವುದಾದರೆ, ದೀಪದ ಬಲೆಗೆ ಬಿದ್ದ ನುಸಿಗಳನ್ನಷ್ಟೇ ಪರೀಕ್ಷಿಸಿ ರೋಗವಿಲ್ಲವೆಂದು ನಂಬಿದರೆ ಮೋಸಹೋಗುತ್ತೇವೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಿದ್ದರೆ, ಈಗಾಗಲೇ ರೋಗ ಬಂದವರನ್ನು ಹಗಲಿನಲ್ಲೂ ಸೊಳ್ಳೆ ಪರದೆಯೊಳಗೆ ಮಲಗಿಸಲು ಡಾಕ್ಟರು ಏಕೆ ಹೇಳಿದರು?

ಉತ್ತರ (ಪ್ರಾಣಿಶಾಸ್ತ್ರ ಸಂಶೋಧಕಿ, ಮೈಸೂರು):
ಆ ಪರದೆ ಅಕ್ಕಪಕ್ಕದ ಮನೆಯವರಿಗಾಗಿ. ಜ್ವರದ ದಿನಗಳಲ್ಲಿ ರೋಗಿಯ ರಕ್ತದಲ್ಲಿ ವೈರಸ್ ತುಂಬಿರುತ್ತದೆ. ಆಗ ಕಚ್ಚಿದ ಆರೋಗ್ಯವಂತ ಸೊಳ್ಳೆ ಸುಮಾರು ಹತ್ತು ದಿನಗಳ ಬಳಿಕ ರೋಗ ಹರಡತೊಡಗುತ್ತದೆ, ಸಾಯುವವರೆಗೂ ಹರಡುತ್ತಲೇ ಇರುತ್ತದೆ.