ಕಣ್ಣೆದುರು ಕಿರುಕುಳ ನಡೆದಾಗ ಏನು ಮಾಡಬೇಕು? ಕಾಲೇಜು ಮಕ್ಕಳಿಗೆ ಕಲಿಸಿದವರು, ಕಲಿತವರು ಹೇಳಿ

ಕೇಳಿದವರು: ಎನ್‌ಎಸ್‌ಎಸ್ ಅಧಿಕಾರಿ, ಪದವಿ ಕಾಲೇಜು, ಶಿವಮೊಗ್ಗ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನಲ್ಲಿ ಹೊಸನಗರ, ರಿಪ್ಪನ್‌ಪೇಟೆ, ತೀರ್ಥಹಳ್ಳಿ ಕಡೆಯ ಮಕ್ಕಳೇ ಜಾಸ್ತಿ. ಕೆಲವರು ದಿನಾ ಬಸ್ಸಿನಲ್ಲಿ ಬರುತ್ತಾರೆ, ಉಳಿದವರು ಹಾಸ್ಟೆಲ್ಲಿನಲ್ಲಿದ್ದಾರೆ. ಬಸ್ಸಿನಲ್ಲಿ ಯಾರೋ ಮೈಮೇಲೆ ಬೀಳುವುದು, ಹಾಸ್ಟೆಲ್ಲಿನಲ್ಲಿ ಜೂನಿಯರ್‌ಗಳನ್ನು ಗೋಳು ಹೊಯ್ದುಕೊಳ್ಳುವುದು, ಇದೆಲ್ಲ ಎಲ್ಲರಿಗೂ ಗೊತ್ತು. ನೋಡಿದವರು ಮಾತ್ರ ಬಾಯಿ ಬಿಡುವುದಿಲ್ಲ. ಬೇರೆ ದೇಶಗಳ ಯೂನಿವರ್ಸಿಟಿಗಳಲ್ಲಿ ಹೀಗೆ ನೋಡುತ್ತ ನಿಂತವರಿಗೇ ಬೈಸ್ಟ್ಯಾಂಡರ್ ತರಬೇತಿ ಕೊಡುತ್ತಾರೆ. ನಾವೂ ಶಿಬಿರದಲ್ಲಿ ಅರ್ಧ ದಿನ ಅದನ್ನು ಇಡೋಣ ಅಂತಿದ್ದೇನೆ. ಹುಡುಗರು, ಹುಡುಗಿಯರು ಇಬ್ಬರೂ ಇರುತ್ತಾರೆ. ಭಾಷಣ ಇಟ್ಟರೆ ಚಪ್ಪಾಳೆ ತಟ್ಟಿ ಊಟಕ್ಕೆ ಏಳುತ್ತಾರೆ, ಅದು ಬೇಡ. ನಿಜವಾಗಿ ಕೆಲಸಕ್ಕೆ ಬಂದದ್ದು ಏನು, ಹೇಳಿ.

ಸಮಾಜಕಾರ್ಯ ಪಾಠ ಮಾಡುವವರು, ಸಾಗರ

ಮೇಡಂ, ಸುಮ್ಮನೆ ನಿಂತವರೆಲ್ಲ ಕಲ್ಲು ಮನಸ್ಸಿನವರಲ್ಲ. ಮಕ್ಕಳಿಗೆ ಮೊದಲು ಇದನ್ನು ಹೇಳಿ. 1968ರಲ್ಲಿ ಅಮೆರಿಕದ ಜಾನ್ ಡಾರ್ಲಿ, ಬಿಬ್ ಲಟಾನೆ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಮೈಕಿನ ಮೂಲಕ ಮಾತಾಡಿಸಿದರು. ನಡುವೆ ಒಬ್ಬನಿಗೆ ಫಿಟ್ಸ್ ಬಂದಂತೆ ದನಿ ಕೇಳಿಸಿದರು. ಕೇಳುತ್ತಿರುವುದು ನಾನೊಬ್ಬನೇ ಅಂದುಕೊಂಡವರಲ್ಲಿ ಆ ದನಿ ನಿಲ್ಲುವುದರೊಳಗೆ ಎದ್ದು ಹೋಗಿ ತಿಳಿಸಿದವರು ಶೇ. 85. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ ಶೇ. 31 ಮಾತ್ರ. ಏಳದೆ ಕೂತವರು ಆರಾಮವಾಗಿ ಇರಲಿಲ್ಲ. ಅವರ ಕೈ ನಡುಗುತ್ತಿತ್ತು, ಅಂಗೈ ಬೆವೆತಿತ್ತು. ಯಾರಾದರೂ ಹೋಗಿರುತ್ತಾರೆ ಅಂತ ಎಲ್ಲರೂ ಕಾದರು, ಅಷ್ಟೆ.

ಆದರೆ ಜನ ಎಲ್ಲಿಯೂ ಸಹಾಯಕ್ಕೆ ಬರುವುದೇ ಇಲ್ಲ ಅಂತ ಹೇಳಿ ಹೆದರಿಸಬೇಡಿ. 1964ರಲ್ಲಿ ನ್ಯೂಯಾರ್ಕಿನಲ್ಲಿ ಒಬ್ಬ ಹೆಣ್ಣುಮಗಳ ಕೊಲೆಯನ್ನು 38 ಜನ ಸುಮ್ಮನೆ ನೋಡಿದರು ಅನ್ನುವ ಕಥೆಯನ್ನು ತುಂಬ ಕಡೆ ಹೇಳುತ್ತಾರೆ. ಅದು ಉತ್ಪ್ರೇಕ್ಷೆ ಅಂತ ಆಮೇಲೆ ಗೊತ್ತಾಯಿತು. ಇತ್ತೀಚೆಗೆ ಇಂಗ್ಲೆಂಡ್, ನೆದರ್ಲೆಂಡ್ಸ್, ದಕ್ಷಿಣ ಆಫ್ರಿಕಾದ ಮೂರು ನಗರಗಳ ಬೀದಿ ಜಗಳಗಳ ಸಿಸಿಟಿವಿ ದೃಶ್ಯಗಳನ್ನು ಸಂಶೋಧಕರು ಕೂತು ನೋಡಿದರು. ಹತ್ತರಲ್ಲಿ ಒಂಬತ್ತು ಕಡೆ ಯಾರಾದರೂ ಒಬ್ಬರು ನಡುವೆ ಬಂದಿದ್ದರು. ನಾನು ಮಕ್ಕಳಿಗೆ ಹೇಳುವುದು ಇದನ್ನೇ. ಯಾರೂ ಬರುವುದಿಲ್ಲ ಅಂತ ನೂರು ಸಲ ಕೇಳಿದವನು ತಾನೂ ಬರುವುದಿಲ್ಲ.

ಇನ್ನೊಂದು ವಿಷಯ ಆ ದೇಶಗಳ ಪಾಠದಲ್ಲಿ ಸಿಗುವುದಿಲ್ಲ. ದೊಡ್ಡ ಊರಲ್ಲಿ ಯಾರಿಗೂ ಯಾರೂ ಗೊತ್ತಿಲ್ಲ, ಅದಕ್ಕೇ ಸುಮ್ಮನಿರುತ್ತಾರೆ. ನಮ್ಮಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಅದಕ್ಕೇ ಸುಮ್ಮನಿರುತ್ತಾರೆ. ಅವನು ಇಂಥವರ ಮಗ, ಅವರ ತೋಟಕ್ಕೇ ನಮ್ಮಪ್ಪ ಅಡಿಕೆ ಕೊನೆಗೊಯ್ಲಿಗೆ ಹೋಗುವುದು, ನಾಳೆ ಬೆಳಿಗ್ಗೆ ಮತ್ತೆ ಅದೇ ಬಸ್ಸು. ಹುಡುಗಿಯ ಭಯ ಇನ್ನೂ ಬೇರೆ. ವಿಷಯ ಮನೆಗೆ ಗೊತ್ತಾದರೆ ಅವನಿಗೆ ಏನಾಗುತ್ತದೋ ಇಲ್ಲವೋ, ಇವಳ ಕಾಲೇಜು ನಿಲ್ಲುತ್ತದೆ. ಹಾಗಾಗಿ ನಮ್ಮ ತರಬೇತಿಯಲ್ಲಿ ನಾವು ಮೊದಲು ಹೇಳಿಕೊಡುವುದು ಇದು: ಅವಳನ್ನು ಕೇಳದೆ ಅವಳ ಮನೆಗೆ, ಅಣ್ಣನಿಗೆ, ಊರವರಿಗೆ ಫೋನ್ ಮಾಡಬೇಡಿ. "ನಾನು ನೋಡಿದೆ. ಏನು ಮಾಡಲಿ ಹೇಳು" ಅಂತ ಅವಳನ್ನೇ ಕೇಳಿ. ಎಷ್ಟೋ ಸಲ ಅವಳಿಗೆ ಬೇಕಾಗಿರುವುದು ಜತೆಗೆ ಒಬ್ಬರು ನಿಲ್ಲುವುದು ಮಾತ್ರ.

ಬಿಕಾಂ ಕೊನೆಯ ವರ್ಷದ ವಿದ್ಯಾರ್ಥಿನಿ, ಹೊಸನಗರ ಕಡೆ

ನಾನು ಕಲಿತವಳು ಮೇಡಂ, ಅದರಲ್ಲೂ ಬಸ್ಸಿನ ಬಗ್ಗೆ ಹೇಳುತ್ತೇನೆ. ರೈಟ್ ಟು ಬಿ ಅನ್ನುವ ಅಮೆರಿಕದ ಸಂಸ್ಥೆ (ಮೊದಲು ಹಾಲಾಬ್ಯಾಕ್ ಅಂತಿತ್ತು) ಐದು ದಾರಿ ಹೇಳಿಕೊಡುತ್ತದೆ. ಗಮನ ಬೇರೆ ಕಡೆ ತಿರುಗಿಸುವುದು, ಬೇರೆಯವರ ಸಹಾಯ ಕೇಳುವುದು, ದಾಖಲೆ ಇಟ್ಟುಕೊಳ್ಳುವುದು, ಆಮೇಲೆ ಹೋಗಿ ವಿಚಾರಿಸುವುದು, ನೇರವಾಗಿ ತಡೆಯುವುದು. ಹುಡುಗರಿಗೆ ಕೊನೆಯದೇ ಇಷ್ಟ, ಸಿನಿಮಾ ಥರ. ರಶ್ ಇರುವ ಬಸ್ಸಿನಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಮೊದಲಿನ ಎರಡು.

"ಏ, ಇಲ್ಲಿ ಬಾರೇ, ನಿನ್ನ ನೋಟ್ಸ್ ನನ್ನ ಹತ್ರ ಇದೆ" ಅಂತ ಕರೆದರೆ ಸಾಕು. ಆ ಹುಡುಗಿ ಯಾರು ಅಂತ ನಿಮಗೆ ಗೊತ್ತಿರಬೇಕಾಗಿಲ್ಲ. ಅವಳು ಮೂರು ಹೆಜ್ಜೆ ಈ ಕಡೆ ಬಂದರೆ ಮುಗಿಯಿತು. ಅವನ ಮುಖ ನೋಡುವುದೇ ಬೇಡ, ಅವಳ ಜತೆ ಮಾತಾಡುತ್ತಾ ಇರಿ.

ಎರಡನೆಯದು ಕಂಡಕ್ಟರ್. ನಮ್ಮ ಕಡೆ ಖಾಸಗಿ ಬಸ್ಸುಗಳೇ ಜಾಸ್ತಿ, ಕಂಡಕ್ಟರ್‌ಗೆ ಹತ್ತುವವರೆಲ್ಲರ ಮುಖ ಪರಿಚಯ ಇರುತ್ತದೆ. ದೂರು ಕೊಡುವ ಹಾಗೆ ಹೇಳಬೇಡಿ, ಟಿಕೆಟ್ ತೆಗೆದುಕೊಳ್ಳುವಾಗ ಮೆಲ್ಲಗೆ ಹೇಳಿ. "ಅಣ್ಣಾ, ಆ ನೀಲಿ ಅಂಗಿಯವರನ್ನ ಸ್ವಲ್ಪ ಮುಂದೆ ಕಳ್ಸಿ." ಅವರು "ಹೋಗ್ರಿ ಮುಂದೆ, ಜಾಗ ಇದೆ" ಅಂತ ಕೂಗುತ್ತಾರೆ, ಅದು ದಿನಾ ಕೂಗುವ ಮಾತೇ. ಯಾರ ಮರ್ಯಾದೆಯೂ ಹೋಗುವುದಿಲ್ಲ, ಕೆಲಸ ಆಗುತ್ತದೆ. ಕಂಡಕ್ಟರೇ ತೊಂದರೆ ಕೊಡುವವನಾದರೆ ಬೇರೆ ಮಾತು. ಆಗ ಹಿರಿಯ ಹೆಂಗಸರನ್ನು ಹಿಡಿಯಿರಿ. "ಅಮ್ಮಾ, ಇವಳಿಗೆ ನಿಮ್ಮ ಹತ್ರ ಸ್ವಲ್ಪ ಜಾಗ ಕೊಡ್ತೀರಾ" ಅಂದರೆ ಇಲ್ಲ ಅನ್ನುವವರನ್ನು ನಾನು ಕಂಡಿಲ್ಲ.

112 (ತುರ್ತು ಸಹಾಯ), 181 (ಮಹಿಳಾ ಸಹಾಯವಾಣಿ) ನಂಬರ್ ಹೇಳಿಕೊಡಿ, ಖಂಡಿತ. ಆದರೆ ನಮ್ಮ ದಾರಿಯಲ್ಲಿ ಎಷ್ಟೋ ಕಡೆ ನೆಟ್‌ವರ್ಕ್ ಇರುವುದಿಲ್ಲ, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಅಲ್ಲಿ ಪಕ್ಕದಲ್ಲಿ ಕೂತವರೇ ಸಹಾಯವಾಣಿ.

ರಂಗಭೂಮಿಯವರು, ಹೆಗ್ಗೋಡು ಹತ್ತಿರ

ನಾನು ನೀನಾಸಂ ಊರಿನ ಪಕ್ಕದವನು, ಹಾಗಾಗಿ ನಾಟಕದ ದಾರಿಯನ್ನೇ ಹೇಳುತ್ತೇನೆ ಅಂದುಕೊಳ್ಳಿ. ಆದರೆ ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡದ ಮಾತು ಬೇಕಾದ ಹೊತ್ತಿಗೆ ಗಂಟಲಿನಿಂದ ಬರುವುದಿಲ್ಲ. ಇದು ನಟರಿಗೆ ಚೆನ್ನಾಗಿ ಗೊತ್ತು.

ಬ್ರೆಜಿಲಿನ ಆಗಸ್ಟೋ ಬೋಲ್ ಎಂಬ ರಂಗ ನಿರ್ದೇಶಕರು ಕಟ್ಟಿದ ಕ್ರಮ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮೂರು ನಿಮಿಷದ ದೃಶ್ಯ ಮಾಡಿ. ಬಸ್ ಸ್ಟ್ಯಾಂಡ್, ಹಾಸ್ಟೆಲ್ ಮೆಸ್, ಲ್ಯಾಬ್, ಯಾವುದಾದರೂ ಸರಿ. ಒಬ್ಬರಿಗೆ ತೊಂದರೆ ಆಗುತ್ತದೆ, ಮೂರು ನಾಲ್ಕು ಜನ ನೋಡುತ್ತಾರೆ, ಯಾರೂ ಏನೂ ಮಾಡುವುದಿಲ್ಲ. ಮೊದಲ ಸಲ ಹಾಗೇ ಕೆಟ್ಟದಾಗಿ ಮುಗಿಯಲಿ. ಎರಡನೇ ಸಲ ಮೊದಲಿನಿಂದ ಶುರು ಮಾಡಿ. ಈಗ ನೋಡುತ್ತಿರುವವರಲ್ಲಿ ಯಾರು ಬೇಕಾದರೂ "ನಿಲ್ಲಿ" ಅನ್ನಬಹುದು. ಅಂದವರು ಎದ್ದು ಬಂದು ಸುಮ್ಮನೆ ನಿಂತಿದ್ದವರ ಜಾಗದಲ್ಲಿ ನಿಂತು ತಮ್ಮ ಉಪಾಯ ಮಾಡಿ ತೋರಿಸಬೇಕು. ಕೂತಲ್ಲಿಂದಲೇ "ಹೀಗೆ ಮಾಡಬಹುದಿತ್ತು" ಅನ್ನಲು ಬಿಡಬೇಡಿ. ಎದ್ದು ಬರಲಿ. ಬಂದಾಗ ಗೊತ್ತಾಗುತ್ತದೆ, ಮಾತು ಹೊರಡುವುದು ಎಷ್ಟು ಕಷ್ಟ ಅಂತ.

ಕೆಲವು ಎಚ್ಚರಿಕೆ. ಬದಲಾಗುವುದು ನೋಡುತ್ತ ನಿಂತವರ ಪಾತ್ರ ಮಾತ್ರ. ತೊಂದರೆಗೆ ಒಳಗಾದವಳ ಪಾತ್ರಕ್ಕೆ ಇನ್ನೊಬ್ಬಳನ್ನು ಕಳಿಸಿ "ಅವಳು ಹೀಗೆ ಮಾಡಬೇಕಿತ್ತು" ಅಂತ ತೋರಿಸಿದರೆ ತಪ್ಪೆಲ್ಲ ಅವಳ ತಲೆಗೇ ಬಂದು ಕೂರುತ್ತದೆ. ಕಿರುಕುಳ ಕೊಡುವವನ ಪಾತ್ರವನ್ನು ನಿಮ್ಮ ಕಾಲೇಜಿನ ಹುಡುಗನಿಗೆ ಕೊಡಬೇಡಿ, ಮೇಷ್ಟ್ರು ಯಾರಾದರೂ ಮಾಡಲಿ. ಹುಡುಗರು ಮಾಡಿದರೆ ಅತಿ ಖುಷಿಯಿಂದ ಮಾಡುತ್ತಾರೆ, ಆಮೇಲೆ ವರ್ಷವಿಡೀ ಅದೇ ಅಡ್ಡ ಹೆಸರು ಉಳಿಯುತ್ತದೆ. ಮುಟ್ಟುವುದನ್ನು ತೋರಿಸುವುದು ಬೇಡವೇ ಬೇಡ, ಹತ್ತಿರ ಬಂದು ನಿಂತರೆ ಸಾಕು. ದೃಶ್ಯಕ್ಕೆ ನಿಜವಾಗಿ ನಡೆದ ಘಟನೆ ಎತ್ತಿಕೊಂಡರೆ ಊರು, ಬಸ್ಸು, ಜಾತಿ ಎಲ್ಲ ಬದಲಿಸಿ. ನೋಡುವವರ ನಡುವೆ ಅದನ್ನು ಅನುಭವಿಸಿದವರು ಕೂತಿರುತ್ತಾರೆ. ಬೇಡ ಅನಿಸಿದರೆ ಎದ್ದು ಹೊರಗೆ ಹೋಗಬಹುದು, ಯಾರೂ ಕಾರಣ ಕೇಳುವುದಿಲ್ಲ ಅಂತ ಶುರುವಿನಲ್ಲೇ ಹೇಳಿ. ಹೊರಗೆ ಒಬ್ಬ ಮೇಡಂ ಕುರ್ಚಿ ಹಾಕಿಕೊಂಡು ಕೂತಿರಲಿ.

ನಗು ಬರುತ್ತದೆ. ಬರಲಿ, ಗದರಿಸಬೇಡಿ. ಆಟ ನಿಲ್ಲಿಸಿ "ಈಗ ಯಾಕೆ ನಕ್ಕಿರಿ?" ಅಂತ ಕೇಳಿ. ನಿಜವಾದ ಬಸ್ಸಿನಲ್ಲೂ ಜನ ನಗುತ್ತಾರಲ್ಲ, ಆ ನಗು ಕೇಳಿ ಅವನಿಗೆ ಧೈರ್ಯ ಬರುತ್ತದಲ್ಲ. ಅಲ್ಲಿಂದ ಮಾತು ತಾನಾಗಿ ಬೆಳೆಯುತ್ತದೆ.

ಹಿಂದೆ ಹಾಸ್ಟೆಲ್ ವಾರ್ಡನ್ ಆಗಿದ್ದವರು

ರ‍್ಯಾಗಿಂಗ್ ಬಗ್ಗೆ ಚುಟುಕಾಗಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2009ರ ನಿಯಮ ರ‍್ಯಾಗಿಂಗ್ ನಡೆಯುವುದನ್ನು ಕಂಡವರಿಗೂ ಅನ್ವಯಿಸುತ್ತದೆ. ಸಾಕ್ಷಿಯಾದವರು ಹೇಳಲು ಮುಂದೆ ಬರುವಂತೆ ಮಾಡಬೇಕು, ಹೇಳಿದವರ ಗುರುತು ಕಾಪಾಡಬೇಕು, ಹೇಳಿದ್ದಕ್ಕೆ ಅವರಿಗೆ ತೊಂದರೆ ಆಗಬಾರದು ಅಂತ ಅದರಲ್ಲೇ ಇದೆ. ಸಹಾಯವಾಣಿ 1800-180-5522. ನಂಬರನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರೆ ಯಾರೂ ಓದುವುದಿಲ್ಲ, ಎಲ್ಲರ ಫೋನಿನಲ್ಲಿ ಅಲ್ಲೇ ಸೇವ್ ಮಾಡಿಸಿ. ಸೀನಿಯರ್ ರೂಮಿಗೆ ಹೋಗಿ ಜಗಳ ಆಡುವುದು ಬೇಡ. "ವಾರ್ಡನ್ ನಿನ್ನನ್ನು ಕರೀತಿದ್ದಾರೆ" ಅಂತ ಬಾಗಿಲಲ್ಲಿ ನಿಂತು ಹೇಳಿದರೆ ಜೂನಿಯರ್ ಹೊರಗೆ ಬರುತ್ತಾನೆ. ಅದು ಸುಳ್ಳಾದರೂ ಪರವಾಗಿಲ್ಲ.

ವಕೀಲರು, ತೀರ್ಥಹಳ್ಳಿ

ಎಲ್ಲರ ಕೈ ಮೊದಲು ಹೋಗುವುದು ಫೋನಿಗೆ. ಅದರ ಬಗ್ಗೆ ಒಂದಿಷ್ಟು ಹೊತ್ತು ಮೀಸಲಿಡಿ. ಬೇರೆಯವರು ಸಹಾಯ ಮಾಡುತ್ತಿದ್ದರೆ ಮಾತ್ರ ವಿಡಿಯೋ. ತೆಗೆದದ್ದನ್ನು ಆ ಹುಡುಗಿಗೇ ಕೊಡಿ, ಏನು ಮಾಡಬೇಕು ಅನ್ನುವುದು ಅವಳಿಗೆ ಬಿಟ್ಟದ್ದು. ಗ್ರೂಪಿಗೆ ಹಾಕಿದರೆ ಸಂಜೆಯೊಳಗೆ ಕೊಪ್ಪ, ಶೃಂಗೇರಿವರೆಗೂ ಹೋಗಿರುತ್ತದೆ. ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆ ಪ್ರಕಾರ ದೂರು ಕೊಟ್ಟವಳ ಗುರುತು ಪ್ರಕಟಿಸುವಂತಿಲ್ಲ.

ಕಾಲೇಜಿನಲ್ಲಿ ಆಂತರಿಕ ದೂರು ಸಮಿತಿ ಇರಬೇಕು. ಅದರ ಸದಸ್ಯರು ಯಾರು ಅಂತ ಮಕ್ಕಳಿಗೆ ಮುಖ ತೋರಿಸಿ. ಯುಜಿಸಿಯ 2015ರ ನಿಯಮದಲ್ಲಿ ಕಾಲೇಜಿನ ಆವರಣ ಮಾತ್ರ ಅಲ್ಲ, ಕಾಲೇಜು ಕೊಟ್ಟ ವಾಹನ, ಪ್ರವಾಸ, ಶಿಬಿರ ಎಲ್ಲ ಸೇರುತ್ತವೆ. ಅಂದರೆ ನಿಮ್ಮ ಶಿಬಿರವೂ ಸೇರಿತು. ಘಟನೆ ಆದ 3 ತಿಂಗಳೊಳಗೆ ಸಮಿತಿಗೆ ದೂರು ಬರೆದು ಕೊಡಬೇಕು. ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳವರೆಗೆ ಸಮಯ ಕೊಡಬಹುದು. ನೋಡಿದವರು ಅವತ್ತೇ ದಿನಾಂಕ, ಹೊತ್ತು, ಬಸ್ಸು, ಕೇಳಿಸಿದ ಮಾತು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟರೆ ಆಮೇಲೆ ತುಂಬ ಉಪಯೋಗ.

ಹಳೆಯ ವಿದ್ಯಾರ್ಥಿ, ಈಗ ಶಿವಮೊಗ್ಗದಲ್ಲಿ ಕೆಲಸ

ಇದನ್ನು ಯಾರೂ ಹೇಳಲಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ಇಂಥ ತರಬೇತಿ ಆದ ಮೇಲೆ ಕೆಲವು ಹುಡುಗರಿಗೆ ತಾವೇ ಊರಿನ ಕಾವಲುಗಾರರು ಅನಿಸಿಬಿಡುತ್ತದೆ. ಹುಡುಗ ಹುಡುಗಿ ಜ್ಯೂಸ್ ಅಂಗಡಿಯಲ್ಲೋ ತುಂಗೆಯ ದಡದಲ್ಲೋ ಮಾತಾಡುತ್ತಾ ಕೂತಿದ್ದರೆ ಹೋಗಿ "ಯಾವ ಊರು, ಯಾರ ಮಗಳು, ಇವನ್ಯಾರು" ಅಂತ ವಿಚಾರಣೆ ಶುರು. ಕೇಳಿದರೆ ನಾವು ಸಹಾಯ ಮಾಡುತ್ತಿದ್ದೇವೆ ಅನ್ನುತ್ತಾರೆ. ದಯವಿಟ್ಟು ಇದನ್ನೇ ಒಂದು ದೃಶ್ಯ ಮಾಡಿಸಿ. ಅಲ್ಲಿ ಕಿರುಕುಳ ಕೊಡುತ್ತಿರುವುದು ಆ ವಿಚಾರಣೆ ಮಾಡುವವನೇ. ಅವನಿಂದ ಆ ಇಬ್ಬರನ್ನು ಹೇಗೆ ಬಿಡಿಸಿ ಕರೆತರುತ್ತೀರಿ ಅಂತ ಮಕ್ಕಳನ್ನು ಕೇಳಿ. ನಮ್ಮ ಜಿಲ್ಲೆಯಲ್ಲಿ ಇದು ಬಿಟ್ಟು ಬೇರೆ ಏನು ಕಲಿಸಿದರೂ ಅರ್ಧ ಕಲಿಸಿದ ಹಾಗೆ. ಪ್ರಿನ್ಸಿಪಾಲರು ಬೇಡ ಅನ್ನಬಹುದು, ಮೊದಲೇ ಮಾತಾಡಿ ಒಪ್ಪಿಸಿ ಮೇಡಂ.

ಕೇಳಿದವರು

ಎಲ್ಲರಿಗೂ ತುಂಬ ಥ್ಯಾಂಕ್ಸ್. ಮೂರು ದೃಶ್ಯ ಮಾಡಿಸುತ್ತೇನೆ: ಬಸ್ಸು, ಹಾಸ್ಟೆಲ್, ಮತ್ತೆ ಜ್ಯೂಸ್ ಅಂಗಡಿಯದು. ಕೊನೆಯದಕ್ಕೆ ಪ್ರಿನ್ಸಿಪಾಲರ ಹತ್ತಿರ ಈಗಾಗಲೇ ಮಾತಾಡಿದೆ. ಮುಖ ಸ್ವಲ್ಪ ಸಣ್ಣದಾಯಿತು, ಆದರೆ ಬೇಡ ಅನ್ನಲಿಲ್ಲ. ಒಬ್ಬ ಕಂಡಕ್ಟರನ್ನೂ ಕರೆಯೋಣ ಅನಿಸುತ್ತಿದೆ. ಬರುತ್ತಾರಾ? ಯಾರನ್ನು ಕೇಳಬೇಕು?

ಬಿಕಾಂ ಕೊನೆಯ ವರ್ಷದ ವಿದ್ಯಾರ್ಥಿನಿ, ಹೊಸನಗರ ಕಡೆ

ಬರುತ್ತಾರೆ ಮೇಡಂ. ಮಾಲೀಕರಿಗೆ ಪತ್ರ ಬರೆಯುತ್ತಾ ಕೂರಬೇಡಿ, ಸ್ಟ್ಯಾಂಡಿನಲ್ಲಿ ಬಸ್ ಏಜೆಂಟರನ್ನು ಕೇಳಿ. ಮಧ್ಯಾಹ್ನ ಒಂದು ಟ್ರಿಪ್ ಮುಗಿಸಿ ಊಟಕ್ಕೆ ನಿಲ್ಲಿಸುತ್ತಾರೆ, ಆಗ ಬಿಡುವಿರುತ್ತದೆ. ಭಾಷಣ ಮಾಡಿ ಅಂದರೆ ನಾಚಿಕೊಂಡು ಬರುವುದಿಲ್ಲ. ಬಸ್ಸಿನ ದೃಶ್ಯದಲ್ಲಿ ಕಂಡಕ್ಟರ್ ಪಾತ್ರ ಮಾಡಿ ಅನ್ನಿ, ಸೀಟಿ ಸಮೇತ ಬರುತ್ತಾರೆ. ಹುಡುಗಿಯರು ಟಿಕೆಟ್ ತೆಗೆದುಕೊಳ್ಳುವಾಗ ಮೆಲ್ಲಗೆ ಹೇಳುವುದನ್ನು ಅವರ ಹತ್ತಿರವೇ ಅಭ್ಯಾಸ ಮಾಡಲಿ.